ನಿಂತ ಗಾಡಿ, ಓಡಿದ ಗಾಡಿ

ಸೆಕೆಂಡ್ ಹ್ಯಾಂಡ್ ಕಾರು ಹುಡುಕುವವರಿಗೆ ನಮ್ಮ ಕಡೆ ಎಲ್ಲರೂ ಕೊಡುವ ಸಲಹೆ ಒಂದೇ: ಬಸವನಗುಡಿಯ ರಿಟೈರ್ಡ್ ಮೇಷ್ಟ್ರದ್ದೋ ಬ್ಯಾಂಕಿನವರದ್ದೋ ಗಾಡಿ ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ. ಸಿಂಗಲ್ ಓನರ್, ಕೆಎ-05 ನಂಬರು. ದೊಡ್ಡ ಗಣಪತಿ ಗುಡಿಗೆ, ಕೆ.ಆರ್. ರಸ್ತೆಯ ಗಾಯನ ಸಮಾಜದ ಸಂಗೀತ ಕಚೇರಿಗೆ, ಗಾಂಧಿ ಬಜಾರಿಗೆ ಬಿಟ್ಟರೆ ಎಲ್ಲಿಗೂ ಹೋಗಿರುವುದಿಲ್ಲ ಅನ್ನುತ್ತಾರೆ. ಆ ಮೇಷ್ಟ್ರ ಪ್ರಾಮಾಣಿಕತೆಯ ಬಗ್ಗೆ ನನಗೂ ಸಂಶಯವಿಲ್ಲ. ಸಂಶಯ ಇರುವುದು ಗಾಡಿಯ ಮೇಲೆ.

ನಮ್ಮ ಅಡ್ಡರಸ್ತೆಗಳಲ್ಲಿ ಹೊಂಗೆ ಮರದ ಕೆಳಗೆ ವಾರಗಟ್ಟಲೆ ನಿಲ್ಲುವ ಕಾರುಗಳನ್ನು ನೋಡಿ. ಮುಂದಿನ ಗಾಜಿನ ಬುಡದಲ್ಲಿ ಎಲೆ, ಹೂವು ತುಂಬಿ ನೀರು ಹೋಗುವ ತೂತು ಕಟ್ಟಿಕೊಳ್ಳುತ್ತದೆ. ಮಳೆ ಬಂದರೆ ಆ ನೀರು ಕಾರಿನ ಒಳಗೇ ಇಳಿಯಬಹುದು. ಬಾನೆಟ್ ಕೆಳಗೆ ಇಲಿ ಸೇರಿ ವೈರು ಕಡಿಯುತ್ತದೆ. ಬ್ಯಾಟರಿ ಸಾಯುತ್ತದೆ, ಬ್ರೇಕ್ ಡಿಸ್ಕ್ ತುಕ್ಕು ಹಿಡಿಯುತ್ತದೆ. ಟಯರಿನ ಗೀರು ಹೊಸದರಂತೆ ಆಳವಾಗಿದ್ದರೂ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2316 ಎಂದಿದ್ದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ಮೀಟರ್ ಎಷ್ಟೇ ಕಡಿಮೆ ತೋರಿಸಲಿ, ಆ ಅಂಕಿ ವಯಸ್ಸನ್ನು ಮುಚ್ಚಿಡುವುದಿಲ್ಲ. ಚಾಮರಾಜಪೇಟೆಯಲ್ಲಿ ನಮ್ಮ ಗಾಡಿಗಳನ್ನು ನೋಡುವ ಮೆಕ್ಯಾನಿಕ್ ಹೇಳುವುದೂ ಇದನ್ನೇ: "ಓಡಿದ್ದು ಸವೆಯುತ್ತೆ ಸಾರ್, ಸವೆದದ್ದನ್ನ ಬದಲಾಯಿಸ್ಬೋದು. ನಿಂತಿದ್ದು ಎಲ್ಲೆಲ್ಲಿ ಕೆಟ್ಟಿರುತ್ತೋ ಹುಡುಕ್ತಾ ಕೂರ್ಬೇಕು."

ಮನೆಗೆ ಎರಡನೆಯ ವಾಹನ ತರುವಾಗ ಈ ಮಾತು ಇನ್ನೂ ಮುಖ್ಯ. ಯಾಕೆಂದರೆ ಅದು ನಮ್ಮಲ್ಲಿಗೆ ಬಂದ ಮೇಲೂ ನಿಂತೇ ಇರುತ್ತದೆ. 2017ರಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಮೆಟ್ರೊ ಬಂದಮೇಲೆ ಆಫೀಸಿಗೆ ಹೋಗಲು ಕಾರು ತೆಗೆಯುವ ಅಗತ್ಯ ನಮ್ಮ ಮನೆಯಲ್ಲಿ ಕಡಿಮೆಯಾಗಿದೆ. ಹೂವು, ತರಕಾರಿಗೆ ಕಾಲು ನಡಿಗೆಯೇ ಸಾಕು. ಎರಡನೆಯ ಕಾರು ಬೇಕಾಗುವುದು ಅಪ್ಪ ಅಮ್ಮನಿಗಾಗಿ: ಆಸ್ಪತ್ರೆ, ಮದುವೆಮನೆ, ರಾತ್ರಿ ಎರಡು ಗಂಟೆಗೆ ಎದೆನೋವು ಎಂದರೆ. ಆ ಹೊತ್ತಿನಲ್ಲಿ ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗಬೇಕು. ಭರವಸೆಯ ಕಾರು ಎಂದರೆ ನನಗೆ ಅಷ್ಟೇ.

ಹಾಗಾಗಿ ನಾನು ಡೀಸೆಲ್ ಕಡೆ ತಿರುಗಿ ನೋಡಲಿಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ದೂರದ ರಸ್ತೆಯಲ್ಲಿ ಚೆನ್ನಾಗಿ ಬಿಸಿಯಾದರೆ ಮಾತ್ರ ಆ ಮಸಿ ಸುಟ್ಟು ಹೋಗುತ್ತದೆ. ರಾಮಕೃಷ್ಣ ಆಶ್ರಮದಿಂದ ಲಾಲ್‌ಬಾಗಿಗೆ ಮಾತ್ರ ಹೋಗಿ ಬರುತ್ತಿದ್ದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಚಿಕ್ಕ ಪೆಟ್ರೋಲ್ ಕಾರು, ಊರ ತುಂಬ ಓಡಾಡುವ ಮಾಡೆಲ್, ಬಿಡಿಭಾಗ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಅದೇ ದಿನ ಸಿಗುವಂಥದ್ದು ಸಾಕು. 1898ರ ಪ್ಲೇಗಿನ ನಂತರ ಬೆಳೆದ ಬಡಾವಣೆ ನಮ್ಮದು. ಹಳೆಯ ಮನೆಗಳ ಗೇಟು ಕಾರನ್ನು ನೆನೆದು ಇಟ್ಟದ್ದಲ್ಲ, ಅಳತೆ ಟೇಪು ಹಿಡಿದೇ ಗಾಡಿ ನೋಡಬೇಕು.

ಬೆಂಗಳೂರಿನಲ್ಲಿ ನೀರಿನ ಭಯವೂ ಇದೆ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಯಮಲೂರು ಕಡೆ ಎಷ್ಟೋ ಕಾರುಗಳು ಮುಳುಗಿದವು. ಮುಳುಗಿದ ಗಾಡಿಯನ್ನೂ ತೊಳೆದು, ಪಾಲಿಶ್ ಹಾಕಿ ಮಾರಬಹುದು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ; ಕೆಸರಿನ ಗೆರೆ ಉಳಿದಿರಬಹುದು. ಕಾರ್ಪೆಟ್ ಎತ್ತಿ ಮೂಸಿ. ಸೀಟಿನ ಕೆಳಗಿನ ಬೋಲ್ಟ್ ತುಕ್ಕಾಗಿದ್ದರೆ ಬೆಲೆಯ ಮಾತೇ ಎತ್ತದೆ ಎದ್ದು ಬನ್ನಿ.

ಕಾಗದದ ಕೆಲಸ ಬೇಸರದ್ದು, ಆದರೆ ಅದನ್ನು ಬ್ರೋಕರ್ ಕೈಗೆ ಕೊಟ್ಟು ಮರೆಯಬಾರದು. ಹೆಸರು ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಆಗಬೇಕು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಫಾರ್ಮ್ 35 ಜೊತೆಗೆ ಬ್ಯಾಂಕಿನ ಎನ್‌ಒಸಿ ಕೇಳಿ. ವಿಮೆಯನ್ನು 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಿ. ನೋ ಕ್ಲೇಮ್ ಬೋನಸ್ ಮಾರಿದವರ ಜೊತೆಗೇ ಹೋಗುತ್ತದೆ, ಗಾಡಿಯ ಜೊತೆ ಬರುವುದಿಲ್ಲ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಹದಿಮೂರು ತುಂಬಿದ್ದನ್ನು ಕೊಂಡರೆ ಎಫ್‌ಸಿಗೆ ಓಡಾಡುವ ದಿನ ದೂರವಿಲ್ಲ.

ಕೊನೆಗೆ ನಮ್ಮೆದುರು ಎರಡು ಕಾರು ಉಳಿದವು. ಎರಡೂ ಒಂದೇ ಮಾಡೆಲ್, ಒಂದೇ ವರ್ಷದವು. ಒಂದು ಹದಿನೆಂಟು ಸಾವಿರ ಕಿಲೋಮೀಟರ್ ಓಡಿದ್ದು, ಸರ್ವಿಸ್ ಬಿಲ್ ಎರಡೋ ಮೂರೋ ಇತ್ತು. ಇನ್ನೊಂದು ಅರವತ್ತು ಸಾವಿರ ದಾಟಿದ್ದು; ಪ್ರತಿ ಸರ್ವಿಸಿನ ಬಿಲ್ಲನ್ನೂ ತಾರೀಖಿನ ಪ್ರಕಾರ ಫೈಲ್ ಮಾಡಿಟ್ಟಿದ್ದರು. ಕ್ಲಚ್ ಪ್ಲೇಟ್, ಟಯರು, ಬ್ಯಾಟರಿ ಯಾವಾಗ ಬದಲಾಯಿತು ಎಂಬುದೆಲ್ಲ ಅದರಲ್ಲಿತ್ತು. ಅಪ್ಪ ಒಪ್ಪಲಿಲ್ಲ. "ಅಷ್ಟೊಂದು ಓಡಿರೋದನ್ನ ಯಾಕೋ ತಗೋತೀಯಾ?" ಅಂದರು. ಫೈಲನ್ನು ಅವರ ಕೈಗೇ ಕೊಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದೇ ಬಿಲ್ ತಿರುವಿ, ಪ್ರತಿ ತಾರೀಖಿನ ಎದುರಿಗಿದ್ದ ಕಿಲೋಮೀಟರ್ ಏರುತ್ತಾ ಬಂದಿದೆಯೇ ಎಂದು ಪೆನ್ಸಿಲಿನಲ್ಲಿ ಲೆಕ್ಕ ಹಾಕಿದರು. ತಾಳೆಯಾಯಿತು. "ಸರಿ, ಅಡ್ವಾನ್ಸ್ ಕೊಟ್ಟು ಬಾ. ರಸೀದಿ ಮರೀಬೇಡ" ಅಂದರು.