ಬೀಡಿ ಸೇದದ ಅವ್ವನ ಶ್ವಾಸಕೋಶ

ನಮ್ಮ ಕೇರಿಯೋರು ಯಾರಾದ್ರೂ ದಮ್ಮು ಕಟ್ಟಿ ಕೂತರೆ ಸಾಕು, ಊರಿನ ಕಣ್ಣು ಮೊದಲು ಅವರ ಜೇಬಲ್ಲಿ ಬೀಡಿ ಹುಡುಕುತ್ತೆ.

ನಮ್ಮವ್ವ ಭದ್ರಾವತಿಯಲ್ಲಿ ಇಪ್ಪತ್ತೆರಡು ವರ್ಷ ಗುತ್ತಿಗೆ ಲೆಕ್ಕದಲ್ಲಿ ಬೀದಿ ಗುಡಿಸಿದಳು. ಬೆಳಗಿನ ಜಾವ ರಸ್ತೆ ಧೂಳು, ಗುಡ್ಡೆ ಹಾಕಿ ಸುಟ್ಟ ಕಸದ ಹೊಗೆ. ಮನೆಗೆ ಬಂದರೆ ಕಿಟಕಿಯಿಲ್ಲದ ಕೋಣೆಯಲ್ಲಿ ಸೌದೆ ಒಲೆ. ಶಿವಮೊಗ್ಗದ ಒಂದು ಆಸ್ಪತ್ರೆಗೆ ಕರ್ಕೊಂಡು ಹೋದಾಗ ಡಾಕ್ಟ್ರ ಮೊದಲ ಪ್ರಶ್ನೆ, "ಏನಮ್ಮ, ಬೀಡಿ ಸೇದ್ತೀಯಾ?" (ಅರವತ್ತು ದಾಟಿದವಳಿಗೆ ಏಕವಚನ, ಅದು ಬಿಡಿ.) ಎರಡನೇ ಪ್ರಶ್ನೆ ಕೆಲಸದ್ದಿರುತ್ತೆ ಅಂತ ಕಾದೆ, ಬರಲಿಲ್ಲ. ಚೀಟಿಯಲ್ಲಿ ಉದ್ಯೋಗ: ಗೃಹಿಣಿ.

ಕಾಯಿಲೆಯ ಹೆಸರು ಸಿಒಪಿಡಿ. ವರ್ಷಾನುಗಟ್ಟಲೆ ಹೊಗೆ, ಧೂಳು ತಾಗಿ ಉಸಿರುಕೊಳವೆಯ ಒಳಪದರ ಉರಿಯೂತದಿಂದ ಊದಿಕೊಳ್ಳುತ್ತೆ. ಒಳಗಿನ ಕಸ ಗುಡಿಸೋಕೆ ಅಂತಲೇ ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಿರ್ತವೆ, ಅವು ಹಾಳಾಗ್ತವೆ. ಕಫದ ಗ್ರಂಥಿಗಳು ದಪ್ಪಗಾಗ್ತವೆ. ಸಣ್ಣ ಕೊಳವೆಗಳ ಗೋಡೆ ಗಾಯದ ಕಲೆ ಥರ ಗಟ್ಟಿಯಾಗಿ ದಾರಿ ಕಿರಿದಾಗುತ್ತೆ. ಗಾಳಿಚೀಲಗಳ ನಡುವಿನ ತೆಳುಗೋಡೆ ಒಡೆದು, ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರಲ್ಲ. "ಎದೆ ತುಂಬ್ಕಂಡೈತೆ, ಆದ್ರೂ ಉಸಿರು ಸಾಲಲ್ಲ ಕಣಪ್ಪ" ಅಂತ ಅವ್ವ ಅಂದಿದ್ದು ಅಕ್ಷರಶಃ ನಿಜ. ಇನ್‌ಹೇಲರ್ ಕೊಟ್ಟ ಮೇಲೂ, ಜೋರಾಗಿ ಊದಿದ ಒಟ್ಟು ಗಾಳಿಯಲ್ಲಿ ನೂರಕ್ಕೆ 70 ಭಾಗ ಮೊದಲ ಸೆಕೆಂಡಲ್ಲೇ ಬರದಿದ್ದರೆ ಈ ಕಾಯಿಲೆ ಅಂತ ಲೆಕ್ಕ. ಆ ಟೆಸ್ಟಿಗೆ ಸ್ಪೈರೋಮೆಟ್ರಿ ಅಂತಾರೆ, ಕೇಳಿ ಮಾಡಿಸ್ಕೊಳ್ಳಿ. ಒಡೆದ ಗೋಡೆ ಮತ್ತೆ ಕಟ್ಟೋ ಔಷಧಿ ಇಲ್ಲ. ಇನ್‌ಹೇಲರ್ ದಾರಿ ಅಗಲ ಮಾಡುತ್ತೆ, ಅಷ್ಟೇ. ಅದು ಚಟ ಆಗುತ್ತೆ ಅನ್ನೋದು ಸುಳ್ಳು, ಬಿಡಬೇಡಿ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ 1923ರಲ್ಲೇ ಕಾರ್ಮಿಕರ ಪರಿಹಾರ ಕಾಯ್ದೆಯೂ ಬಂತು. ಅದರ ರೋಗಪಟ್ಟಿಯಲ್ಲಿ ಸಿಲಿಕಾ ಧೂಳಿನ ಕಾಯಿಲೆ ಸೇರಿತು, ಹತ್ತಿ ಧೂಳಿನದೂ ಸೇರಿತು. ಪೊರಕೆ ಧೂಳಿನದು ಸೇರಲಿಲ್ಲ. ಪೊರಕೆ ಯಾವ ಜಾತಿಯ ಕೈಯಲ್ಲಿತ್ತು ಅಂತ ನಾನು ಬೇರೆ ಹೇಳಬೇಕಾ?

2022ರ ಜುಲೈಯಲ್ಲಿ ಪೌರಕಾರ್ಮಿಕರು ರಾಜ್ಯದಾದ್ಯಂತ ಕೆಲಸ ನಿಲ್ಲಿಸಿ ಖಾಯಮಾತಿ ಕೇಳಿದರು. ಮುಂದಿನ ಬೇಡಿಕೆಪಟ್ಟಿಯಲ್ಲಿ ವರ್ಷಕ್ಕೊಂದು ಸ್ಪೈರೋಮೆಟ್ರಿ ಇರಲಿ. ಆಸ್ಪತ್ರೆ ಚೀಟಿಯಲ್ಲಿ ನಿಮ್ಮ ಕೆಲಸ ಏನು ಅಂತ ಜಗಳ ಮಾಡಿಯಾದ್ರೂ ಬರೆಸಿ. ಶಿವಮೊಗ್ಗ, ಭದ್ರಾವತಿಯಲ್ಲಿ ಅವ್ವನಂಥೋರು ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ಚೀಟಿಗಳನ್ನೆಲ್ಲ ಒಟ್ಟು ಸೇರಿಸಿ ಕಾರ್ಮಿಕ ಇಲಾಖೆಗೆ ಕೊಡೋಣ.