ಹನ್ನೊಂದು ಜೊತೆ ಚಪ್ಪಲಿ

'ಬೆಲ್ಚಿ' ಬೀದಿನಾಟಕಕ್ಕೆ ಹುಡುಗರನ್ನು ಸೆಳೆಯೋ ಭಿತ್ತಿಚಿತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ 11 ಜನರನ್ನು ಕೊಂದು ಬೆಂಕಿಗೆ ಹಾಕಿದರು. 8 ಮಂದಿ ದಲಿತರು. ಸಮುದಾಯದವರು ಅದನ್ನೇ ನಾಟಕ ಮಾಡಿ ಊರೂರು ತಿರುಗಿದ್ದರು.

ಕೆಂಪು ಬೆಂಕಿ, ಕರೀ ಮುಷ್ಟಿ ಬರೆದೆ. ತಂಡದವರು ಭೇಷ್ ಅಂದರು, ಫೋನಿನಲ್ಲೂ ಹಂಚಿದರು. ನಮ್ಮ ಕೇರಿಯ ಪಿಯುಸಿ ಹುಡುಗ ಮಾತ್ರ, "ಅಣ್ಣಾ, ನಾವು ಸುಟ್ಟೋಗಿದ್ದನ್ನ ನಾವೇ ನೋಡಾಕೆ ಬರ್ಬೇಕಾ? ಅವ್ರು ಬದುಕಿದ್ದುದ್ದ ಬರಿ" ಅಂದ. ನನ್ನ ಡಿಗ್ರಿಗೆ ಹೊಳೆಯದ ಮಾತು.

ರಾತ್ರಿ ಕೂತು ಗುಡಿಸಲ ಬಾಗಿಲು ಬರೆದೆ. ಮುಂದೆ ಸವೆದ ಚಪ್ಪಲಿಗಳು, ಅಷ್ಟೇ. ಅಕ್ಷರ ಬಾರದ ನಮ್ಮವ್ವ ಬೆರಳಿಟ್ಟು ಎಣಿಸಿದಳು. "ಹನ್ನೊಂದು ಜೊತೆ. ಇವ್ರೆಲ್ಲ ಎಲ್ಲೋದ್ರು ಮಗಾ?"

"ಕಾಲೇಜು ಗೋಡೆಗೆ ಚಪ್ಪಲಿನಾ?" ಅಂತ ತಂಡದಲ್ಲೇ ಒಬ್ಬರು ಮುಖ ಸಿಂಡರಿಸಿದರು. ಅಂಟಿಸಿದೆವು.

ನಾಟಕದ ಸಂಜೆ ಆ ಹುಡುಗ ಬಂದ. ಕೂರಲಿಲ್ಲ. ಹಿಂದೆ ನಿಂತೇ ನೋಡಿದ.