ಬಜಗೋಳಿಯಿಂದ ಬೆಂಗ್ರೆಗೆ: ಕಡಲ ಕರೆಯ ಬಿಡಾರಕ್ಕೊಂದು ಸಿದ್ಧತೆ

ಕಾರ್ಕಳದಿಂದ ಮೂಡಲಿಗೆ ಹತ್ತು ಕಿಲೋಮೀಟರಿನಷ್ಟು ಬಂದರೆ ಸಿಗುವ ಬಜಗೋಳಿಯು ಕಡಲ ಊರಲ್ಲ; ಘಟ್ಟದ ಬುಡದ ಊರು. ಇಲ್ಲಿ ದಾರಿಯು ಕವಲೊಡೆಯುತ್ತದೆ. ಒಂದು ಕವಲು ಮಾಳದ ಮೇಲಿಂದ ಘಟ್ಟವನ್ನೇರಿ ಕುದುರೆಮುಖ, ಶೃಂಗೇರಿಗಳ ಕಡೆಗೆ ಹೋಗುವುದು. ಇನ್ನೊಂದು ಹೊಸ್ಮಾರು, ನಾರಾವಿಗಳನ್ನು ಹಾದು ಧರ್ಮಸ್ಥಳದ ಯಾತ್ರಿಕರನ್ನು ಕೊಂಡೊಯ್ಯುವುದು. ಆದುದರಿಂದ ನಮ್ಮವರಿಗೆ ಪ್ರಯಾಣವೆಂದೊಡನೆ ಬೆಟ್ಟದ ದಿಕ್ಕೇ ನೆನಪಾಗುವುದು ಸಹಜ. ಮಳೆಗಾಲದಲ್ಲಿ ಅಂಗಳದ ನೀರು ತೋಡಿಗಿಳಿದು, ತೋಡು ಹೊಳೆಯನ್ನು ಸೇರಿ, ಹೊಳೆಯು ಪಡುವಲಿಗೆ ಓಡುವುದನ್ನು ಪ್ರತಿವರ್ಷವೂ ನೋಡುತ್ತೇವೆ. ಆ ನೀರಿನ ಹಿಂದೆಯೇ ಹೋಗಿ ಅದರ ಕೊನೆಯನ್ನು ಕಂಡು ಬರೋಣವೆಂದು ಹೊರಟವರು ಮಾತ್ರ ಕಡಿಮೆ. ಮಾಳದ ಕಡೆಯ ಕಾಡುಗಳಿಂದ ಇಳಿದು ಬರುವ ಸ್ವರ್ಣಾನದಿಯು ಕಾರ್ಕಳ ಸೀಮೆಯನ್ನು ದಾಟಿ, ಉಡುಪಿಯ ಬಡಗಣದಲ್ಲಿ ಸೀತಾನದಿಯೊಡನೆ ಕೂಡಿ, ಬೆಂಗ್ರೆಯ ಅಳಿವೆಯಲ್ಲಿ ಸಮುದ್ರವನ್ನು ಸೇರುತ್ತದೆ.

ಕಡಲ ಕರೆಯಲ್ಲಿ ಒಂದು ರಾತ್ರಿ ಬಿಡಾರ ಹೂಡಬೇಕೆಂಬ ಆಸೆಯು ನಮ್ಮ ಮನೆಯಲ್ಲಿ ಮೊದಲು ಹುಟ್ಟಿದುದು ಮಕ್ಕಳಿಗಲ್ಲ. 79 ವರ್ಷ ವಯಸ್ಸಿನ ನಮ್ಮ ಅತ್ತೆಯವರಿಗೆ. ಅವರ ತಂದೆಯವರು ಎತ್ತಿನ ಗಾಡಿಯಲ್ಲಿ ಅಕ್ಕಿಮುಡಿಗಳನ್ನು ಹೇರಿಕೊಂಡು ಕರಾವಳಿಗೆ ಹೋಗಿ, ಉಪ್ಪನ್ನೂ ಒಣಮೀನನ್ನೂ ತರುತ್ತಿದ್ದರಂತೆ. ರಾತ್ರಿ ಗಾಡಿಯ ಅಡಿಯಲ್ಲಿ ಹೊಯಿಗೆಯ ಮೇಲೆ ಮಲಗಿ ಕೇಳಿದ ಕಡಲ ಸದ್ದನ್ನು ಮನೆಗೆ ಬಂದು ವರ್ಣಿಸುತ್ತಿದ್ದರಂತೆ. ಹೆಣ್ಣುಮಗುವನ್ನು ಗಾಡಿಯಲ್ಲಿ ಅಷ್ಟು ದೂರ ಕರೆದೊಯ್ಯುವ ರೂಢಿ ಆಗ ಇರಲಿಲ್ಲ. ಅತ್ತೆಯವರು ಹಗಲಿನಲ್ಲಿ ಮಲ್ಪೆಯನ್ನೂ ಕಾಪುವನ್ನೂ ಹಲವು ಬಾರಿ ಕಂಡಿದ್ದಾರೆ. ಕತ್ತಲಾಗುವುದರೊಳಗೆ ಮನೆಗೆ ಮರಳಿದ್ದಾರೆ. ಈಚೆಗೆ ಅವರ ಮೊಣಕಾಲು ಸೋಲುತ್ತ ಬಂದಿದೆ. "ಇನ್ನೊಂದು ವರ್ಷ ತಡೆದರೆ ನನ್ನನ್ನು ಹೊತ್ತುಕೊಂಡೇ ಹೋಗಬೇಕಾದೀತು" ಎಂದು ಅವರು ನಗುತ್ತ ಹೇಳಿದ ಮಾತು ನಮಗೆ ನಗೆಯಾಗಿ ಕಾಣಿಸಲಿಲ್ಲ.

ಕಡಲಿಗೆ ಮುಖಮಾಡಿದ ವಸತಿಗೃಹಗಳು ಈಗ ಬೇಕಾದಷ್ಟಿವೆಯಲ್ಲವೇ ಎಂದು ವಾಚಕರು ಕೇಳಬಹುದು. ನಾವೂ ಕೇಳಿದೆವು. ಗಾಜಿನ ಕಿಟಕಿಯ ಒಳಗೆ ಮಲಗುವುದಾದರೆ ಬಜಗೋಳಿಯೇ ಸಾಕೆಂಬುದು ಅತ್ತೆಯವರ ಉತ್ತರ. ಹಾಗೆಂದು ಈ ವಯಸ್ಸಿನವರನ್ನು ಬರಿಯ ಹೊಯಿಗೆಯ ಮೇಲೆ ಮಲಗಿಸುವಂತೆಯೂ ಇಲ್ಲ. ಕೊನೆಗೆ ನಮ್ಮ ಮೈದುನನು ತನ್ನ ಸ್ನೇಹಿತರೊಬ್ಬರಿಂದ ಒಂದು ಟ್ರೈಲರನ್ನು ಎರವಲು ತರುವುದಾಗಿ ಒಪ್ಪಿಕೊಂಡನು.

ಟ್ರೈಲರೆಂದರೆ ಜೀಪಿನ ಹಿಂದೆ ಕೊಕ್ಕೆಗೆ ಸಿಕ್ಕಿಸಿ ಎಳೆಯತಕ್ಕ ಎರಡು ಗಾಲಿಯ ಗಾಡಿ. ಡಾಮರು ಕಾಣದ ದಾರಿಗಾಗಿಯೇ ಮಾಡಿದ ಈ ಬಗೆಯದರಲ್ಲಿ ನೆಲದಿಂದ ಅಚ್ಚಿಗೆ ಎತ್ತರ ಹೆಚ್ಚು. ಜೀಪಿನ ಗಾಲಿಗಳ ನಡುವೆ ಎಷ್ಟು ಅಂತರವೋ ಇದರ ಗಾಲಿಗಳಿಗೂ ಅಷ್ಟೇ ಅಂತರವಿರಬೇಕು. ಹಾಗಿದ್ದರೆ ಮುಂದಿನ ಗಾಲಿ ತುಳಿದ ಜಾಡಿನಲ್ಲೇ ಹಿಂದಿನದೂ ಬರುವುದು. ಕೊಕ್ಕೆಯು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಅಲ್ಲದೆ ತಿರುಚಿಕೊಳ್ಳುವಾಗಲೂ ಜಗ್ಗದೆ ಆಡಬೇಕು. ಅದು ಕಳಚಿದರೂ ಗಾಡಿ ಬೇರೆಯಾಗದಂತೆ ಒಂದು ಸರಪಳಿ ಅವಶ್ಯ. 1988ರ ಮೋಟಾರು ವಾಹನಗಳ ಕಾಯಿದೆಯಲ್ಲಿ ಮೋಟಾರು ವಾಹನವೆಂಬ ಮಾತಿಗೆ ಟ್ರೈಲರೂ ಸೇರಿರುವುದರಿಂದ ಅದಕ್ಕೂ ನೋಂದಣಿ ಬೇಕು. ವರ್ಕ್‌ಶಾಪಿನಲ್ಲಿ ಬೆಸೆಸಿಕೊಂಡು ಹಾಗೆಯೇ ರಸ್ತೆಗಿಳಿಸುವವರುಂಟು. ಅಂಥ ಗಾಡಿಯನ್ನು ಎರವಲು ಪಡೆಯುವ ಮುನ್ನ ಕಾಗದಪತ್ರಗಳನ್ನು ಕೇಳಿ ನೋಡತಕ್ಕದ್ದು.

ಕೆಲವು ಟ್ರೈಲರುಗಳಲ್ಲಿ ಗುಡಾರವು ಮೇಲ್ಗಡೆಯೇ ಮಡಚಿಕೊಂಡಿರುತ್ತದೆ. ಬಿಡಿಸಿದರೆ ಮಾಳಿಗೆಯ ಕೋಣೆಯಂತಾಗುತ್ತದೆ. ಚಿತ್ರದಲ್ಲಿ ನೋಡಲು ಚೆಂದ, ಆದರೆ ಏಣಿ ಹತ್ತಿ ಮಲಗಬೇಕು. ಮೊಣಕಾಲು ನೋವಿನವರು ನಡುರಾತ್ರಿ ಏಣಿ ಇಳಿಯುವುದನ್ನು ಯೋಚಿಸಿಯೇ ನಾವು ಅದನ್ನು ಬೇಡವೆಂದೆವು. ಸಾಮಾನು ಹೇರಲು ಟ್ರೈಲರು, ಅದರ ಮಗ್ಗುಲಿಗೆ ಕಟ್ಟಲು ಒಂದು ಟಾರ್ಪಾಲು, ಅದರ ಕೆಳಗೆ ಮಡಚುವ ಗಿಡ್ಡ ಮಂಚ, ಮಕ್ಕಳಿಗೊಂದು ಪುಟ್ಟ ಗುಡಾರ: ಇಷ್ಟಕ್ಕೆ ಏರ್ಪಾಟು ನಿಂತಿತು.

ಟ್ರೈಲರು ಅಂಗಳಕ್ಕೆ ಬಂದ ದಿನ ಮೈದುನನು ಅನುಕೂಲಕ್ಕೆಂದು ನೀರಿನ ಕ್ಯಾನುಗಳನ್ನೆಲ್ಲ ಹಿಂಬದಿಯಲ್ಲಿ ಜೋಡಿಸಿದನು. ಜಗಲಿಯಲ್ಲಿ ಕುಳಿತು ನೋಡುತ್ತಿದ್ದ ಅತ್ತೆಯವರು, "ಮಗಾ, ಹಿಂಭಾರ ಹೇರಿದರೆ ಮೂಕಿ ಮೇಲಕ್ಕೇಳುತ್ತದೆ, ಎತ್ತಿನ ಕುತ್ತಿಗೆ ಬಿಗಿಯುತ್ತದೆ. ತೀರಾ ಮುಂದೆ ಹೇರಿದರೆ ಅವುಗಳ ಹೆಗಲು ಹುಣ್ಣಾಗುತ್ತದೆ. ಭಾರವಾದುದು ಅಚ್ಚಿನ ಮೇಲಿರಲಿ, ಮೂಕಿಯ ಕಡೆಗೆ ಒಂದು ಕೈಯಷ್ಟು ಹೆಚ್ಚು" ಎಂದರು. ಎತ್ತುಗಳಿಲ್ಲದ ಗಾಡಿಗೂ ಈ ಮಾತು ಅಕ್ಷರಶಃ ಸಲ್ಲುತ್ತದೆ. ಹೇರಿದ ಒಟ್ಟು ತೂಕದ ಹತ್ತರಲ್ಲೊಂದು ಪಾಲಾದರೂ ಕೊಕ್ಕೆಯ ಮೇಲೆ ಕೂರಬೇಕೆಂಬುದು ಟ್ರೈಲರು ಬಲ್ಲವರ ಲೆಕ್ಕ. ಹಿಂಭಾರವಾದರೆ ವೇಗದಲ್ಲಿ ಗಾಡಿಯು ಹಾವಿನ ಬಾಲದಂತೆ ಅತ್ತಿತ್ತ ಹೊಯ್ದಾಡಿ, ಎಳೆಯುವ ಜೀಪನ್ನೇ ಅಡ್ಡ ಮಲಗಿಸಬಹುದು. ನಮ್ಮದು ಎಲ್ಲ ಸೇರಿ 500 ಕಿಲೋ. ಮೂಕಿಯ ಕೆಳಗೆ ಮರದ ತುಂಡೊಂದನ್ನು ನಿಲ್ಲಿಸಿ, ಅದರಡಿಗೆ ಮೈತೂಕ ನೋಡುವ ಯಂತ್ರವನ್ನಿಟ್ಟಾಗ ಮೊದಲು ಮುಳ್ಳು 20ರಲ್ಲೇ ನಿಂತಿತು. ಕ್ಯಾನುಗಳನ್ನು ಅಚ್ಚಿನ ಮುಂದಕ್ಕೆ ಸರಿಸಿದ ಮೇಲೆ 50ನ್ನು ದಾಟಿತು. ಗೃಹಿಣಿಯರು ಗಮನಿಸತಕ್ಕ ಅಂಶವೊಂದಿದೆ: ಬಿಡಾರದ ಸಾಮಾನಿನಲ್ಲಿ ಅತಿ ಭಾರವಾದುದು ಪಾತ್ರೆಯೂ ಅಲ್ಲ, ಹಾಸಿಗೆಯೂ ಅಲ್ಲ, ನೀರು. ಕಡಲ ಕರೆಯ ಬಾವಿಗಳಲ್ಲಿ ಬೇಸಗೆ ಹತ್ತಿರವಾದಂತೆ ಉಪ್ಪು ತಟ್ಟುವುದುಂಟು. ಕುಡಿಯಲು ಮತ್ತು ಅಡಿಗೆಗೆ ತಲೆಗೆ ದಿನಕ್ಕೆ 5 ಲೀಟರು ಹಿಡಿದರೂ ಆರು ಮಂದಿಗೆ ಎರಡು ದಿನಕ್ಕೆ 60 ಲೀಟರು, ಎಂದರೆ 60 ಕಿಲೋ.

ಇನ್ನು ಎಲ್ಲಿಗೆ ಹೋಗುವುದು? ಯಾರೂ ಇಲ್ಲದ ದೂರದ ಕಡಲ ಕರೆಯೇ ಬೇಕೆಂದು ಮಕ್ಕಳ ಹಟ. ಮಲ್ಪೆಯು ದೊಡ್ಡ ಮೀನುಗಾರಿಕೆ ಬಂದರು. ಅಲ್ಲಿ ರಾತ್ರಿಯೂ ದೀಪ, ಸದ್ದು. ಅಲ್ಲಿಂದ ದೋಣಿಯಲ್ಲಿ ಹೋಗಿ ನೋಡುವ ಸೈಂಟ್ ಮೇರೀಸ್ ದ್ವೀಪಗಳ ಕಂಬದಾಕಾರದ ಶಿಲೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದಿಂದ ಬೇರ್ಪಡುತ್ತಿದ್ದ ಕಾಲದ ಲಾವಾದಿಂದ ಉಂಟಾದವು. ನೋಡಲೇಬೇಕಾದ ಸ್ಥಳ, ಆದರೆ ಹಗಲಿಗೆ ಮಾತ್ರ. ಕಾಪುವಿನ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭವು ಚೆಲುವಿನದಾದರೂ ಅದರ ಬುಡದಲ್ಲಿ ಜನಸಂದಣಿ. ಪಡುಬಿದ್ರಿಯ ಕಡಲತೀರಕ್ಕೆ 2020ರಲ್ಲಿ ನೀಲಿ ಧ್ವಜದ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಅಚ್ಚುಕಟ್ಟು ಸ್ಥಳವೇ, ಗಾಡಿ ಕಟ್ಟಿಕೊಂಡು ಬಂದು ಗುಡಾರ ಹೊಡೆಯುವವರಿಗೆ ತಕ್ಕುದಲ್ಲ. ಮರವಂತೆಯಲ್ಲಿ ಒಂದೆಡೆ ಸೌಪರ್ಣಿಕೆ, ಒಂದೆಡೆ ಸಮುದ್ರ, ನಡುವೆ ಹೆದ್ದಾರಿಯ ಲಾರಿಗಳು! ಹೀಗೆ ಒಂದೊಂದನ್ನೇ ಬಿಡುತ್ತ ಬಂದಾಗ, ನಮ್ಮ ಊರ ಕಡೆಯ ನೀರು ಸಮುದ್ರ ಸೇರುವ ಸ್ಥಳವೇ ಆಗಲೆಂದು ಅತ್ತೆಯವರು ತೀರ್ಮಾನ ಕೊಟ್ಟರು.

ಬಜಗೋಳಿಯಿಂದ ಕಾರ್ಕಳ, ಬೈಲೂರು, ಹಿರಿಯಡಕ, ಪರ್ಕಳ, ಮಣಿಪಾಲಗಳ ಮೇಲೆ ಉಡುಪಿಗೆ. ಅಲ್ಲಿಂದ ಸಂತೆಕಟ್ಟೆ, ಕೆಮ್ಮಣ್ಣು, ಹೂಡೆಗಳನ್ನು ಹಾದು ಬೆಂಗ್ರೆಗೆ. ಒಟ್ಟು ಅರುವತ್ತು ಕಿಲೋಮೀಟರಿನ ಆಸುಪಾಸು. ದಾರಿಯಲ್ಲಿ ಎಚ್ಚರದ ಸ್ಥಳವೆಂದರೆ ಮಣಿಪಾಲದಿಂದ ಉಡುಪಿಗೆ ಇಳಿಯುವ ಇಳಿಜಾರು. ಸ್ವಂತ ಬ್ರೇಕಿಲ್ಲದ ಟ್ರೈಲರು ಅಲ್ಲಿ ಹಿಂದಿನಿಂದ ದೂಡುತ್ತದೆ. ಮೇಲಿನಿಂದಲೇ ಕೆಳ ಗೇರಿಗೆ ಹಾಕಿ ನಿಧಾನವಾಗಿ ಇಳಿಯಬೇಕು.

ಹೂಡೆಯ ಆಚೆಗೆ ನೆಲವು ಕಿರಿದಾಗುತ್ತ ಹೋಗಿ, ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ, ನಡುವೆ ತೆಂಗಿನ ತೋಪುಗಳ ಒಂದು ಪಟ್ಟಿ ಮಾತ್ರ ಉಳಿಯುತ್ತದೆ. ಒಂದು ಭಾನುವಾರ ಟ್ರೈಲರಿಲ್ಲದೆ ಹೋಗಿ ನೋಡಿ ಬಂದೆವು. ಇಂಥ ಪೂರ್ವಭೇಟಿ ಎಲ್ಲರಿಗೂ ಅವಶ್ಯವೆಂದು ಒತ್ತಿ ಹೇಳುತ್ತೇವೆ. ಯಾಕೆಂದರೆ ನಕ್ಷೆಯಲ್ಲಿ ನಿರ್ಜನವಾಗಿ ಕಂಡ ಸ್ಥಳ ನಿರ್ಜನವಾಗಿರಲಿಲ್ಲ. ತೆಂಗಿನ ಮರಗಳ ನಡುವೆ ಮನೆಗಳಿದ್ದುವು. ಹೊಯಿಗೆಯ ಮೇಲೆ ದೋಣಿಗಳು, ಒಣಹಾಕಿದ ಬಲೆಗಳು. ನಾವು ದೂರದ ಕಡಲ ಕರೆಯೆಂದು ಕರೆದುದು ಅವರಿಗೆ ಮನೆಯ ಹಿತ್ತಿಲು, ದುಡಿಮೆಯ ಕಣ.

ಮೈದುನನಿಗೆ ಜೀಪು, ಟ್ರೈಲರುಗಳೆರಡನ್ನೂ ಹೊಯಿಗೆಯ ಮೇಲೆ ಓಡಿಸಿ ಅಳಿವೆಯ ತುದಿಯಲ್ಲೇ ನಿಲ್ಲಿಸಬೇಕೆಂಬ ಹಂಬಲವಿತ್ತು. ಅಮ್ಮ ಒಂದು ಹೆಜ್ಜೆಯೂ ನಡೆಯದೆ ಕಡಲನ್ನು ಕಾಣಬೇಕೆಂಬುದು ಅವನ ವಾದ. ಆ ವಾದದಲ್ಲಿ ಪ್ರೀತಿಯಿತ್ತು. ಬಲೆ ಸರಿಪಡಿಸುತ್ತ ಕುಳಿತಿದ್ದ ಹಿರಿಯ ಮೊಗವೀರರೊಬ್ಬರನ್ನು ಕೇಳಿದೆವು. ಅವರು ತಲೆಯೆತ್ತದೆ ತುಳುವಿನಲ್ಲೇ ಹೇಳಿದರು: "ಕಳೆದ ವರ್ಷ ತುದಿ ಇದ್ದಲ್ಲಿ ಈ ವರ್ಷ ಇಲ್ಲ. ಅದು ಈ ರಾತ್ರಿ ಎಲ್ಲಿರುತ್ತದೋ ನಮಗೇ ಗೊತ್ತಿಲ್ಲ, ನಿಮ್ಮ ಗಾಡಿಗೆ ಹೇಗೆ ಗೊತ್ತಾಗುತ್ತದೆ?" ಎರಡು ನದಿಗಳ ನೀರೂ ಕಡಲ ಉಬ್ಬರವಿಳಿತವೂ ಹೊಯ್ದಾಡುವ ಜಾಗದಲ್ಲಿ ಹೊಯಿಗೆಯು ಒಂದೆಡೆ ಕರಗಿ ಇನ್ನೊಂದೆಡೆ ಬೆಳೆಯುತ್ತಲೇ ಇರುತ್ತದೆ. ಮೇಲೆ ಗಟ್ಟಿಯಾಗಿ ಕಂಡು ಒಳಗೆ ನೀರುಂಡ ಹೊಯಿಗೆಯಲ್ಲಿ ಅಚ್ಚಿನ ತನಕ ಹೂತ ಗಾಡಿಯನ್ನು ಉಬ್ಬರ ಬರುವುದರೊಳಗೆ ಎತ್ತುವುದು ಆರು ಮಂದಿಯ ಕೆಲಸವಲ್ಲ, ಅದರಲ್ಲೂ ಒಬ್ಬರು ಎದ್ದು ಓಡಲಾರದವರಿರುವಾಗ. ನಮ್ಮ ಕರಾವಳಿಯಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಕಡಲಾಮೆಗಳು ದಡವೇರಿ ಹೊಯಿಗೆಯಲ್ಲಿ ಮೊಟ್ಟೆಯಿಡುವುದೂ ಉಂಟು. ಗಾಲಿಯಡಿಯ ಹೊಯಿಗೆಯಲ್ಲಿ ಏನಿದೆಯೆಂದು ಕಾಣುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅವುಗಳಿಗೆ ಹುಲಿಯಷ್ಟೇ ರಕ್ಷಣೆಯನ್ನು ಕೊಟ್ಟಿದೆ.

ಅದೇ ಹಿರಿಯರು ತಮ್ಮ ಮನೆಯ ಪಡುವಣ ತೋಪನ್ನು ತೋರಿಸಿ, ಗಾಡಿ ಅಲ್ಲಿ ನಿಲ್ಲಲಿ ಎಂದರು. ಅಲ್ಲಿಂದ ಕಡಲು ಕಾಣುತ್ತದೆ, ಅಲೆ ಮುಟ್ಟುವುದಿಲ್ಲ. "ಅಮ್ಮನವರನ್ನು ಕುರ್ಚಿಯಲ್ಲಿ ಕೂರಿಸಿ ನೀರಿನವರೆಗೆ ನಾವು ನಾಲ್ವರು ಹಿಡಿದುಕೊಂಡು ಹೋಗುತ್ತೇವೆ, ದೋಣಿಯನ್ನೇ ಎತ್ತುವವರಿಗೆ ಅವರೊಂದು ಭಾರವೇ?" ಎಂದು ಅವರ ಸೊಸೆ ಒಳಗಿನಿಂದ ಹೇಳಿದರು. ಬಚ್ಚಲನ್ನೂ ಅವರದೇ ಬಳಸಲು ಹೇಳಿದಾಗ ನಮ್ಮ ದೊಡ್ಡ ಚಿಂತೆಯೊಂದು ಕಳೆಯಿತು. ಬಿಡಾರದ ಬಗ್ಗೆ ಉತ್ಸಾಹದಿಂದ ಬರೆಯುವ ಮಹನೀಯರು ಈ ವಿಷಯವನ್ನು ಯಾತಕ್ಕೋ ಮುಟ್ಟುವುದೇ ಇಲ್ಲ. ಅಲ್ಲಿಂದ ಗ್ರಾಮ ಪಂಚಾಯತಿಯ ಕಚೇರಿಗೂ ಹೋಗಿ ನಮ್ಮ ಹೆಸರು, ಗಾಡಿಯ ನಂಬರು, ದಿನಗಳನ್ನು ಬರೆದುಕೊಟ್ಟು ಬಂದೆವು.

ತೋಪಿನೊಳಗಿನ ದಾರಿಯೂ ಹುಡಿಹೊಯಿಗೆಯದೇ. ಅಷ್ಟು ದೂರಕ್ಕೆ ಗಾಲಿಗಳ ಗಾಳಿಯನ್ನು 30 ಪೌಂಡಿನಿಂದ 18ಕ್ಕೆ ಇಳಿಸಬೇಕು. ಆಗ ಗಾಲಿ ಒಂಟೆಯ ಪಾದದಂತೆ ಅಗಲವಾಗಿ ಊರುತ್ತದೆ, ಹೂಳುವುದಿಲ್ಲ. ಟ್ರೈಲರಿನ ಗಾಲಿಗಳಿಗೂ ಇದೇ ಕ್ರಮ. ಡಾಮರು ರಸ್ತೆಗೆ ಮರಳುವ ಮೊದಲು ಮತ್ತೆ ತುಂಬಿಸಲು ಗಾಳಿಪಂಪು, ಜೊತೆಗೆ ಗುದ್ದಲಿ, ಎಳೆಯುವ ಹಗ್ಗ, ಗಾಲಿಯಡಿಗೆ ಕೊಡಲು ಎರಡು ಹಲಗೆ.

ದಿನವನ್ನು ಗೊತ್ತುಮಾಡಲು ಪಂಚಾಂಗವೇ ಸಾಕಾಯಿತು. ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಉಬ್ಬರ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ಶುದ್ಧ ಅಷ್ಟಮಿಯಾದರೆ ನಡುರಾತ್ರಿಯವರೆಗೆ ಅರ್ಧಚಂದ್ರನ ಬೆಳಕು, ಆಮೇಲೆ ನಕ್ಷತ್ರಗಳು. ಪುಷ್ಯಮಾಸದ ಅಷ್ಟಮಿಯಲ್ಲಿ ಮಳೆಯ ಭಯವಿಲ್ಲ, ಮಕ್ಕಳ ಪರೀಕ್ಷೆಗಳೂ ದೂರ. ಹಗಲಿನಲ್ಲಿ ಕಡಲಿನಿಂದ ಬೀಸುವ ಗಾಳಿ ರಾತ್ರಿ ತಿರುಗಿ ನೆಲದಿಂದ ಕಡಲಿಗೆ ಬೀಸುವುದರಿಂದ, ಹೊಳೆಯ ಕಡೆಯ ಸೊಳ್ಳೆಗಳು ಅದರೊಡನೆ ಬರುತ್ತವೆ. ಟಾರ್ಪಾಲಿನ ಮೂಡಣ ಮಗ್ಗುಲನ್ನು ಮುಚ್ಚಿ ಸೊಳ್ಳೆಪರದೆ ಕಟ್ಟಬೇಕು.

ಅಡಿಗೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕುಚ್ಚಲಕ್ಕಿ ಬೇಯಲು ಬಹಳ ಹೊತ್ತು ಬೇಕಾದುದರಿಂದ ಅದನ್ನು ಬಿಟ್ಟು, ಮನೆಯಿಂದಲೇ ಮೂಡೆಗಳನ್ನು ಬೇಯಿಸಿಕೊಂಡು ಹೋಗುವುದು. ಕೇದಗೆಯ ಓಲೆಯಲ್ಲಿ ಅವು ಮರುದಿನಕ್ಕೂ ಕೆಡುವುದಿಲ್ಲ. ಜೊತೆಗೆ ಅವಲಕ್ಕಿ, ಉಪ್ಪಿನಕಾಯಿ, ಚಹಾಕ್ಕೆ ಪುಟ್ಟ ಗ್ಯಾಸ್ ಒಲೆ. ಹೊಯಿಗೆಯ ಮೇಲೆ ಬೆಂಕಿ ಹಾಕುವುದಿಲ್ಲ. ಕಡಲ ಕಡೆಗೆ ದೊಡ್ಡ ದೀಪ ಉರಿಸುವುದಿಲ್ಲ. ಮೊಟ್ಟೆಯೊಡೆದ ಆಮೆಮರಿಗಳು ಬೆಳಕು ಕಂಡತ್ತ ದಾರಿ ತಪ್ಪುತ್ತವೆ. ಅಳಿವೆಯಲ್ಲಿ ಈಜಬಾರದೆಂಬುದು ಮಕ್ಕಳಿಗೆ ಹಾಕಿದ ಕಟ್ಟಳೆ; ಇಳಿತದ ಹೊತ್ತಿನಲ್ಲಿ ಹೊಳೆಯ ನೀರೂ ಉಬ್ಬರದ ನೀರೂ ಒಟ್ಟಾಗಿ ಹೊರಕ್ಕೆ ಸೆಳೆಯುವಾಗ ಒಳ್ಳೆಯ ಈಜುಗಾರರಿಗೂ ದಡ ಸಿಗುವುದು ಕಷ್ಟ. ಬೆಳಗ್ಗೆ ಕೈರಂಪಣಿ ಬಲೆಯೆಳೆಯುವವರಿದ್ದರೆ ಅವರು ಕರೆದಾಗ ಹಗ್ಗಕ್ಕೆ ಕೈ ಕೊಡಬಹುದು, ಕರೆಯುವ ಮುನ್ನ ಅಡ್ಡ ನಿಲ್ಲಬಾರದು.

ಮಧ್ಯಾಹ್ನ ಊಟ ಮುಗಿಸಿ ಒಂದು ಗಂಟೆಗೆ ಹೊರಟರೆ ಬೆಳಕಿರುವಾಗಲೇ ಟಾರ್ಪಾಲು ಕಟ್ಟಬಹುದೆಂದು ನಿಶ್ಚಯಿಸಿದ್ದೇವೆ. ಹೇರುವುದೆಲ್ಲ ಮುಗಿಯಿತೆಂದುಕೊಂಡ ಹೊತ್ತಿಗೆ ಅತ್ತೆಯವರು ಒಂದು ಚೀಲವನ್ನು ಹೊರಗೆ ತರಿಸಿದರು. ನಮ್ಮ ಗದ್ದೆಯ ಕುಚ್ಚಲಕ್ಕಿ, ಹತ್ತು ಕಿಲೋ, ಬೆಂಗ್ರೆಯ ಮನೆಯವರಿಗೆ. ಕರಾವಳಿಗೆ ಬರಿಯ ಗಾಡಿ ಹೊಡೆದುಕೊಂಡು ಹೋಗುವ ಕ್ರಮ ತಮ್ಮ ತಂದೆಯವರದಲ್ಲವೆಂದರು. ಮೈದುನನು ಅದನ್ನು ಮೂಕಿಯ ಕಡೆಗೇ ಇಟ್ಟು, ಯಂತ್ರದ ಮುಳ್ಳನ್ನು ಇನ್ನೊಮ್ಮೆ ನೋಡಿದನು.